ರೇಡಿಯೋದ ದನಿ ಅಡಿಗಿಮನಿ ತನಕಾ ಬರ್ತದೇನು?

ಮೇಜಿನ ಮ್ಯಾಲೆ ಇಡೋ ರೇಡಿಯೋ ಕೊಳ್ಳೋ ಹುಕಿ ನಮ್ಮ ಬಳಗದಾಗ ಮತ್ತ ಶುರು ಆಗ್ಯದ. ಮಕ್ಕಳು ಬೆಂಗಳೂರು, ಪುಣೆ ಅಂತ ಹೋಗಿಬಿಟ್ಟಾರ, ಮನಿ ಬಣಬಣ ಅಂತದ. ಟಿವಿ ಮುಂದ ಕೂತ್ರ ಕೆಲಸ ಸಾಗೂದಿಲ್ಲ, ಮೊಬೈಲ್ ಹಿಡಿದ್ರ ಕಣ್ಣು ಉರೀತಾವ. "ದನಿ ಛಲೋ ಇರೋದು ಯಾವುದು ಹೇಳವಾ" ಅಂತ ಮೂರು-ನಾಕು ಮಂದಿ ಕೇಳ್ಯಾರ. ಬರೇ ಕಂಪನಿ ಹೆಸರು ಹೇಳಿದ್ರ ಒಂದು ಮಾತಿಗೆ ಮುಗೀತಿತ್ತು. ಆದ್ರ ಛಲೋ ದನಿ ಅಂದ್ರ ಏನು, ಯಾರ ಕಿವಿಗೆ ಛಲೋ, ಎಲ್ಲಿ ನಿಂತು ಕೇಳಿದ್ರ ಛಲೋ? ಇದರೊಳಗ ನಮ್ಮ ಮನಿಗಳ ಎಂಬತ್ತು-ತೊಂಬತ್ತು ವರ್ಷದ ಇತಿಹಾಸ ಅದ. ಅದನ್ನ ತಿಳಕೊಂಡ್ರ ಅಂಗಡ್ಯಾಗ ಯಾರೂ ನಮ್ಮನ್ನ ಮರುಳು ಮಾಡಲಿಕ್ಕೆ ಆಗೂದಿಲ್ಲ.

ನಮ್ಮ ದೇಶದಾಗ ಕ್ರಮಬದ್ಧ ರೇಡಿಯೋ ಪ್ರಸಾರ 1927ರ ಜುಲೈದಾಗ ಮುಂಬೈಯಿಂದ ಶುರು ಆತು. ಕನ್ನಡಕ್ಕ ತನ್ನದೇ ದನಿ ಸಿಕ್ಕಿದ್ದು 1935ರಾಗ, ಮೈಸೂರಿನಾಗ. ಮಹಾರಾಜಾ ಕಾಲೇಜಿನಾಗ ಮನಃಶಾಸ್ತ್ರ ಕಲಸ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನ್ಯಾಗನ ಒಂದು ಸಣ್ಣ ಯಂತ್ರ ಇಟ್ಟು ಪ್ರಸಾರ ಶುರು ಮಾಡಿದ್ರು. ಅದಕ್ಕ ಇಟ್ಟ 'ಆಕಾಶವಾಣಿ' ಅನ್ನೋ ಹೆಸರೇ ಮುಂದ ಇಡೀ ದೇಶದ ರೇಡಿಯೋದ ಹೆಸರಾತು. ಒಂದು ಮನ್ಯಾಗ ಹುಟ್ಟಿದ ಕನ್ನಡ ರೇಡಿಯೋ ಇದು ಅನ್ನೋದು ನನಗ ಭಾಳ ಸೇರ್ತದ. ನಮ್ಮ ಧಾರವಾಡ ಕೇಂದ್ರ 1950ರ ಜನವರಿ 8ಕ್ಕ ಶುರು ಆತು. ಆವಾಗ ಧಾರವಾಡ ಇನ್ನೂ ಮುಂಬೈ ರಾಜ್ಯದಾಗ ಇತ್ತು. ಬೆಂಗಳೂರು ಕೇಂದ್ರ 1955ರ ನವೆಂಬರದಾಗ ಬಂತು. ಅಂದ್ರ ಇದರಾಗ ನಾವು ಅವರಿಗಿಂತ ಐದು ವರ್ಷ ಮುಂದ!

ಆ ಕಾಲದ ರೇಡಿಯೋ ಅಂದ್ರ ಕಟ್ಟಿಗಿ ಪೆಟ್ಟಿಗಿ. ಒಳಗ ಗಾಜಿನ ವಾಲ್ವು, ಮುಂದ ಬಟ್ಟಿ ಹಚ್ಚಿದ ಸ್ಪೀಕರು, ಅದರ ಬಾಜೂಕ ಇಲ್ಲಾ ಕೆಳಗ ಊರಿನ ಹೆಸರು ಬರದ ಗಾಜಿನ ಪಟ್ಟಿ, ಆ ಪಟ್ಟಿ ಮ್ಯಾಲೆ ಓಡಾಡೋ ಮುಳ್ಳು. ಗುಂಡಿ ತಿರುವಿದ ಕೂಡ್ಲೇ ದನಿ ಬರ್ತಿದ್ದಿಲ್ಲ. ವಾಲ್ವು ಕಾಯಬೇಕು, ಅರ್ಧ ಮಿನಿಟು ಹಾದಿ ನೋಡಬೇಕು, ಆಮ್ಯಾಲೆ ಎಲ್ಲೋ ದೂರದಿಂದ ಎದ್ದು ಬಂದಂಗ ದನಿ ಮೆಲ್ಲಕ ಏರ್ತಿತ್ತು. ತುಟ್ಟಿ ರೇಡಿಯೋದಾಗ ಒಂದು ಹಸರು ಕಣ್ಣು ಇರ್ತಿತ್ತು. ಕೇಂದ್ರ ಸರಿಯಾಗಿ ಕೂತಿತಂದ್ರ ಆ ಹಸರು ಬೆಳಕಿನ ನಡುವಿನ ಸಂದಿ ಸಣ್ಣದಾಗ್ತಿತ್ತು. ಪಡಸಾಲ್ಯಾಗ ಈ ಗ್ವಾಡಿಯಿಂದ ಆ ಗ್ವಾಡಿ ತನಕಾ ತಾಮ್ರದ ಜಾಳಿಗಿ ಏರಿಯಲ್ ಕಟ್ಟತಿದ್ರು. ಮಳಿಗಾಲದಾಗ ಗುಡುಗು ಬಂದ್ರ ಮೊದಲು ಅದರ ವೈರು ತಗೀರಿ ಅಂತ ಹಿರೇರು ಒದರ್ತಿದ್ರು.

ಮರ್ಫಿ, ಫಿಲಿಪ್ಸ್, ಬುಶ್, ಎಚ್‌ಎಂವಿ, ಇವೆಲ್ಲಾ ಮೊದಲಿಗೆ ಪರದೇಶದಿಂದ ಬಂದ ಹೆಸರು. ಮರ್ಫಿ ಕ್ಯಾಲೆಂಡರಿನಾಗಿನ ತುಟಿ ಮ್ಯಾಲೆ ಬೆರಳಿಟ್ಟ ಕೂಸಿನ ಚಿತ್ರ ನಿಮಗೆಲ್ಲಾ ನೆನಪಿರಬೇಕು. ರೇಡಿಯೋ ಇಲ್ಲದ ಮನ್ಯಾಗೂ ಆ ಕೂಸು ಇರ್ತಿತ್ತು. ರೇಡಿಯೋ ಇಟ್ಟವರು ಸರಕಾರದ ಲೈಸೆನ್ಸ್ ಮಾಡಿಸಬೇಕಾಗಿತ್ತು. ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ರೊಕ್ಕಾ ತುಂಬಿ, ಪುಸ್ತಕದಾಗ ಮುದ್ರಿ ಒತ್ತಿಸಿಕೊಂಡು ಬರೋದು. 1980ರ ದಶಕದಾಗ ಈ ಲೈಸೆನ್ಸ್ ಪದ್ಧತಿ ಹೋತು. ಅಲ್ಲಿ ತನಕಾ ಆ ಪುಸ್ತಕ ಟ್ರಂಕಿನಾಗ ಮನಿ ಕಾಗದಪತ್ರದ ಜೋಡಿ ಜ್ವಾಕಿಯಿಂದ ಇರ್ತಿತ್ತು.

ಇಷ್ಟು ರೊಕ್ಕದ ಸಾಮಾನು ಆರಿಸವರು ಯಾರು? ಗಂಡಸರು. ಅವರು ಮೊದಲು ಕೇಳೋದು "ಎಷ್ಟು ಬ್ಯಾಂಡು?" ಅಂತ. ಅದಕ್ಕೂ ಕಾರಣ ಇತ್ತು ಅನ್ರಿ. 1952ರಾಗ ಬಿ. ವಿ. ಕೇಸ್ಕರ್ ಅವರು ಪ್ರಸಾರ ಮಂತ್ರಿ ಆದಮ್ಯಾಲೆ ಆಕಾಶವಾಣಿಯೊಳಗ ಸಿನೆಮಾ ಹಾಡು ಬಂದ್ ಆಧಂಗ ಆತು. ಹಾಡು ಬೇಕಾದವರು ರೇಡಿಯೋ ಸಿಲೋನ್ ಹಿಡಿದ್ರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರು ಆದದ್ದೂ ಆವಾಗನ. ಸಿಲೋನ್ ಬರೋದು ಶಾರ್ಟ್‌ವೇವ್ ಮ್ಯಾಲೆ. ಅದಕ್ಕ ಶಾರ್ಟ್‌ವೇವ್ ಬ್ಯಾಂಡು ಹೆಚ್ಚಿದ್ದದ್ದೇ ದೊಡ್ಡ ರೇಡಿಯೋ ಅಂತ ಲೆಕ್ಕ ಆತು. ಅದರ ಜೋಡಿ ಪಾಲಿಶ್ ಎಷ್ಟು ಹೊಳೀತದ, ಗುಂಡಿ ಎಷ್ಟವ, ಬೀಗರು ಬಂದ್ರ ಹ್ಯಾಂಗ ಕಾಣ್ತದ, ಇದೆಲ್ಲಾ ನೋಡತಿದ್ರು. 1957ರ ಅಕ್ಟೋಬರದಾಗ ವಿವಿಧ ಭಾರತಿ ಶುರು ಆಗಿ ಸಿನೆಮಾ ಹಾಡು ಮನಿಗೆ ತಿರುಗಿ ಬಂದವು. ಆದ್ರೂ ಬ್ಯಾಂಡಿನ ಹುಚ್ಚು ಮಾತ್ರ ಹೋಗಲಿಲ್ಲ.

ತಂದ ರೇಡಿಯೋ ಕೂಡೋದು ಪಡಸಾಲ್ಯಾಗ. ಅದಕ್ಕ ಎತ್ತರದ ಸ್ಟ್ಯಾಂಡು, ಮ್ಯಾಲೆ ಕಸೂತಿ ಹಾಕಿದ ಹೊದಿಕಿ. ಕಸೂತಿ ಹಾಕಿದವರು ಹೆಂಗಸರು, ಗುಂಡಿ ಮುಟ್ಟವರು ಗಂಡಸರು! ಹೊರಗಿನ ಮಂದಿ ಕೂತಾಗ ಹೆಣ್ಣುಮಕ್ಕಳು ಪಡಸಾಲಿಗೆ ಬಂದು ಕೂಡೋ ರೂಢಿ ಭಾಳ ಮನ್ಯಾಗ ಇದ್ದಿಲ್ಲ. ಅವರು ಕೇಳೋದು ನಡುಮನಿ ಹೊಸ್ತಲದಾಗ ನಿಂತು, ಇಲ್ಲಾ ಅಡಿಗಿಮನ್ಯಾಗ ರೊಟ್ಟಿ ಬಡಕೋತ. ದಿನಾ ಹೆಚ್ಚು ಹೊತ್ತು ರೇಡಿಯೋ ಕಿವಿಗೆ ಬೀಳ್ತಿದ್ದದ್ದು ಮನ್ಯಾಗ ಇರೋರಿಗೆ. ಅದನ್ನ ಆರಿಸುವಾಗ ಮಾತ್ರ ಅವರ ಕಿವಿ ಯಾರೂ ಕೇಳಲಿಲ್ಲ.

ನಮ್ಮ ಸೋದರತ್ತಿ ಒಬ್ಬಾಕಿ ಇದ್ಲು. ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡು ತವರಿಗೆ ಬಂದಾಕಿ. ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಸಂಗೀತ ಕಚೇರಿ, ನಾಟಕ, ಭಾಷಣ ಯಾವುದಕ್ಕೂ ಆಕೀನ ಯಾರೂ ಕರಕೊಂಡು ಹೋಗ್ತಿದ್ದಿಲ್ಲ. ಹೊರಗಿನ ಜಗತ್ತು ಆಕಿಗೆ ಬರೋ ದಾರಿ ಅಂದ್ರ ಆ ಕಟ್ಟಿಗಿ ಪೆಟ್ಟಿಗಿ ಒಂದ. ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ಮಹಿಳೆಯರ ಕಾರ್ಯಕ್ರಮ, ನಾಟಕ ಎಲ್ಲಾ ಕೇಳ್ತಿದ್ಲು, ಅದೂ ಒಲಿ ಮುಂದ ಕೂತ. ಆಕಿಗೆ ಬ್ಯಾಂಡು ಎಷ್ಟವ ಅನ್ನೋದರ ಹಂಗಿಲ್ಲ. "ಶಬ್ದ ತಿಳೀಬೇಕವಾ, ಬರೇ ಗದ್ದಲಾ ತೊಗೊಂಡು ಏನು ಮಾಡೋದು" ಅಂತಿದ್ಲು. ರೇಡಿಯೋದ ದನಿ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾ ಇನ್ನೂ ಎಲ್ಲೂ ಓದಿಲ್ಲ.

ಹಾಂಗ ನೋಡಿದ್ರ ಆ ಹಳೇ ಪೆಟ್ಟಿಗಿ ಆಕಿ ಪರೀಕ್ಷಾದಾಗ ಪಾಸು ಆಗ್ತಿತ್ತು. ಯಾಕ ಅಂತ ಆಮ್ಯಾಲೆ ತಿಳಕೊಂಡೆ. ಸ್ಪೀಕರಿನ ಕಾಗದದ ಪರದಿ ಮುಂದ ಗಾಳಿ ನೂಕಿದಾಗ ಹಿಂದಿನ ಗಾಳೀನ ಜಗ್ಗತದ. ಹಿಂದಿನ ಗಾಳಿ ಸುತ್ತಿ ಬಂದು ಮುಂದಿನದರ ಜೋಡಿ ಕೂಡಿದ್ರ ಒಂದನ್ನೊಂದು ಅಳಿಸಿ ಹಾಕಿ, ದಪ್ಪ ದನಿ ಸತ್ತು ಹೋಗ್ತದ. ಪೆಟ್ಟಿಗಿ ದೊಡ್ಡದಿದ್ದಷ್ಟು ಹಿಂಗಾಗೋದು ಕಡಿಮಿ. ಸ್ಪೀಕರು ದೊಡ್ಡದಿದ್ರ ಇನ್ನೂ ಛಲೋ. ದೊಡ್ಡ ಬೀಸಣಿಗಿ ಮೆಲ್ಲಕ ಬೀಸಿದ್ರೂ ಗಾಳಿ ಬರ್ತದ, ಸಣ್ಣ ಬೀಸಣಿಗಿ ಎಷ್ಟು ಜೋರು ಬೀಸಿದ್ರೂ ಅಷ್ಟ, ಹಾಂಗ ಇದು. ವಾಲ್ವು ರೇಡಿಯೋದಾಗ ಐದರಿಂದ ಎಂಟು ಇಂಚಿನ ಸ್ಪೀಕರು ಇರ್ತಿತ್ತು. ದಪ್ಪ ಕಟ್ಟಿಗಿ ತಾ ನಡಗೂದಿಲ್ಲ, ತೆಳ್ಳನ ಪ್ಲಾಸ್ಟಿಕ್ಕು ದನಿ ಏರಿಸಿದ ಕೂಡ್ಲೇ ಗರ್‍ರ್ ಅಂತ ನಡಗತದ.

ಧಾರವಾಡ ಕೇಂದ್ರದ್ದು ಇನ್ನೊಂದು ಭಾಗ್ಯ. ಅಲ್ಲಿ ವರಕವಿ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿ, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿ ಕೆಲಸಾ ಮಾಡ್ಯಾರ. ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ಲರ ಹಾಡು ರೇಡಿಯೋದಾಗ ಬರ್ತಿತ್ತು. ಹೆಣ್ಣುಮಕ್ಕಳು ಕಚೇರ್ಯಾಗ ಹಾಡೋದನ್ನ ಮಂದಿ ಸಣ್ಣದು ಮಾಡಿ ನೋಡತಿದ್ದ ಕಾಲದಾಗ, ರೇಡಿಯೋದಿಂದ ಒಬ್ಬ ಹೆಣ್ಣುಮಗಳ ಹಾಡು ಸೀದಾ ನಮ್ಮ ನಡುಮನಿ ತನಕಾ ಬಂತು. ಅದು ಸಣ್ಣ ಮಾತಲ್ಲ. ಗಂಟಲಿನ ಚಿಕಿತ್ಸಾ ಆದಮ್ಯಾಲೆ ಅವರ ದನಿ ಇನ್ನಷ್ಟು ಗಟ್ಟಿ ಆಗಿ, ಗಂಡಸರ ದನಿಯಂಗ ದಪ್ಪ ಆತು. ರೇಡಿಯೋ ಪರೀಕ್ಷಾ ಮಾಡಲಿಕ್ಕೆ ಅದರಂಥಾ ದನಿ ಇನ್ನೊಂದಿಲ್ಲ. ದೊಡ್ಡ ಪೆಟ್ಟಿಗ್ಯಾಗ ಅವರ ದನಿ ಎದೀಗೆ ಬಂದು ತಾಕತಿತ್ತು. ಎರಡೂವರಿ ಇಂಚಿನ ಸ್ಪೀಕರಿನಾಗ ಅದ ದನಿ ತೆಳ್ಳಗಾಗಿ, ಬುಡಾ ಕತ್ತರಿಸಿದಂಗ ಕೇಳ್ತದ.

ಆ ಸಣ್ಣ ಸ್ಪೀಕರು ಬಂದದ್ದು ಟ್ರಾನ್ಸಿಸ್ಟರಿನ ಜೋಡಿ. ಅಮೆರಿಕಾದ ಬೆಲ್ ಪ್ರಯೋಗಶಾಲಾದಾಗ 1947ರಾಗ ಟ್ರಾನ್ಸಿಸ್ಟರ್ ಕಂಡುಹಿಡಿದ್ರು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಅಂದ್ರ ಬಿಇಎಲ್ ಕಾರಖಾನಿ 1954ರಾಗ ಹುಟ್ಟಿ, 1960ರ ದಶಕದ ಸುರುವಿಗೆ ಮೊದಲು ರೇಡಿಯೋ ವಾಲ್ವು, ಅದರ ಬೆನ್ನಿಗೆ ಟ್ರಾನ್ಸಿಸ್ಟರ್ ಮಾಡಲಿಕ್ಕೆ ಹತ್ತಿತು. ಕಾಯಿಸೋ ಕೆಲಸಿಲ್ಲ, ಕರೆಂಟ್ ಬೇಕಿಲ್ಲ, ಎರಡು-ನಾಕು ಸೆಲ್ಲು ಹಾಕಿದ್ರ ಆತು. ಕರೆಂಟ್ ಇಲ್ಲದ ಹಳ್ಳ್ಯಾಗೂ, ಹೊಲದ ಬದುವಿನಾಗೂ ರೇಡಿಯೋ ಹಾಡಲಿಕ್ಕೆ ಹತ್ತಿತು.

ದನಿ ಲೆಕ್ಕದಾಗ ನೋಡಿದ್ರ ಇದು ಹಿಂದ ಸರದಂಗ. ಹಳೇ ಮಂದಿ ಇದನ್ನ ಹೇಳಿ ಹೇಳಿ ಬ್ಯಾಸರಾ ಮಾಡಿಕೋತಿದ್ರು. ನಮ್ಮ ಕಡೆಯಿಂದ ನೋಡಿದ್ರ ಲೆಕ್ಕಾನ ಬ್ಯಾರೆ. ಟ್ರಾನ್ಸಿಸ್ಟರಿಗೆ ಹಿಡಿಕಿ ಇತ್ತು. ಹಿಡಿಕಿ ಇತ್ತಂದ್ರ ಅದು ಎದ್ದು ಅಡಿಗಿಮನಿಗೆ ಬಂತು, ಹಿತ್ತಲಕ್ಕ ಬಂತು, ಬಾಣಂತಿ ಖೋಲಿಗೆ ಬಂತು. ಮೊದಲನೇ ಸಲ ಗುಂಡಿ ನಮ್ಮ ಕೈಯಾಗ ಬಂತು. ನಮ್ಮತ್ತಿಗೆ ಅಣ್ಣ ಒಂದು ಟ್ರಾನ್ಸಿಸ್ಟರ್ ತಂದುಕೊಟ್ಟಾಗ ಆಕಿ ಅದನ್ನ ಬ್ಯಾಳಿ ಡಬ್ಬಿಗಳ ನಡುವ, ಗ್ವಾಡಿ ಮಾಡದಾಗ ಇಟ್ಟಳು. ದನಿ ತೆಳ್ಳಗ ಅದ ಅಂತ ಆಕಿಗೂ ಗೊತ್ತಿತ್ತು. ಆದ್ರ ಹತ್ರ ಇತ್ತು, ತನ್ನದಿತ್ತು. ತಮಾಷೆ ಅಂದ್ರ, ಮಾಡದಾಗ ಇಟ್ಟ ಕೂಡ್ಲೇ ಅದರ ದನಿ ಸ್ವಲ್ಪ ದಪ್ಪ ಆತು. ಗ್ವಾಡಿ ಹತ್ರ, ಮೂಲ್ಯಾಗ ಇಟ್ಟ ಸ್ಪೀಕರಿಗೆ ಗ್ವಾಡೀನ ತೆಳಗಿನ ದನಿ ತುಂಬಿ ಕೊಡ್ತದ. ಶಾಸ್ತ್ರ ಓದಿದವರು ಹೇಳೋದನ್ನ ಆಕಿ ಕಿವಿಯಿಂದನ ಕಂಡುಹಿಡಿದಿದ್ಲು.

ಆಮ್ಯಾಲೆ ಟೇಪ್‌ರೆಕಾರ್ಡರ್ ಬಂತು, ಟಿವಿ ಬಂತು, ಎಫ್‌ಎಂ ಬಂತು. ನಮ್ಮ ದೇಶದಾಗ ಎಫ್‌ಎಂ 1977ರಾಗ ಮದ್ರಾಸಿನಿಂದ ಶುರು ಆಗಿದ್ರೂ, ಮನಿಮನಿಗೆ ಮುಟ್ಟಿದ್ದು ಖಾಸಗಿ ಕೇಂದ್ರಗಳು ಬಂದಮ್ಯಾಲೆ. ಅದರಾಗ ಮೊದಲನೇದು 2001ರಾಗ ಬೆಂಗಳೂರಿನಾಗ ಶುರು ಆದ ರೇಡಿಯೋ ಸಿಟಿ. ಮೀಡಿಯಂ ವೇವ್‌ನಾಗ ದನಿಯ ಮ್ಯಾಲಿನ ಭಾಗ ಕತ್ತರಿಸಿ ಬರ್ತದ. ಅದಕ್ಕ ಅದರಾಗ ಸ-ಶ-ಷ ಎಲ್ಲಾ ಒಂದ ಕೇಳ್ತಾವ. ಎಫ್‌ಎಂನಾಗ 15,000 ಹರ್ಟ್ಜ್ ತನಕಾ ದನಿ ಬರ್ತದ, ತಂಬೂರಿಯ ಝೇಂಕಾರ, ಬಳಿ ಸಪ್ಪಳಾ ಎಲ್ಲಾ ಬಿಡಿಸಿ ಕೇಳ್ತದ. ಆದ್ರ ಮೀಡಿಯಂ ವೇವ್ ದೂರದ ಹಳ್ಳಿಗೂ ಮುಟ್ಟತಿತ್ತು. 765 ಕಿಲೋಹರ್ಟ್ಜ್ ಅಂದ್ರ ಧಾರವಾಡ ಅನ್ನೋದು ಎಷ್ಟೋ ಮಂದಿಗೆ ಮಗ್ಗಿಯಂಗ ಬಾಯಿಪಾಠ.

ಈಗ ಅಂಗಡಿಗೆ ಹೋಗೋಣ. ಹಳೇ ಪೆಟ್ಟಿಗಿಯಂಗ ಕಾಣೋ ಹೊಸ ರೇಡಿಯೋ ಸಾಲಾಗಿ ಇಟ್ಟಿರ್ತಾರ. ಕೆಲವಕ್ಕ ಮ್ಯಾಲೆ ಕಟ್ಟಿಗಿ ಬಣ್ಣದ ಹಾಳಿ ಅಷ್ಟ ಹಚ್ಚಿರ್ತಾರ, ಒಳಗ ಪ್ಲಾಸ್ಟಿಕ್. ಬೆರಳಿನ ಗೆಣ್ಣಿಲೆ ಬಡದು ನೋಡ್ರಿ, ಗಡಿಗಿ ಕೊಳ್ಳುವಾಗ ನೋಡೋದಿಲ್ಲೇನು, ಹಾಂಗ. ಟೊಳ್ಳು ದನಿ ಬಂದ್ರ ಬಿಡ್ರಿ. ಅಂಗಡಿಯವ ಢಂ ಢಂ ಅನ್ನೋ ಹಾಡು ಹಚ್ಚತಾನ, ಅದನ್ನ ಬಂದ್ ಮಾಡಿಸ್ರಿ. ವಾರ್ತಾ ಇಲ್ಲಾ ಮಾತುಕತಿ ಹಚ್ಚಲಿಕ್ಕೆ ಹೇಳ್ರಿ. ಒಬ್ಬ ಗಂಡಸರ ದನಿ, ಒಬ್ಬ ಹೆಂಗಸರ ದನಿ, ಎರಡೂ ಕೇಳ್ರಿ. ಗಂಡಸರ ದನಿ ಗಡಿಗ್ಯಾಗಿಂದ ಬಂದಂಗ ಗುಂಯ್ ಅಂತದ ಅಂದ್ರ ಸುಳ್ಳು ದಪ್ಪ ತುಂಬ್ಯಾರ. ಹೆಂಗಸರ ದನಿ ಕಿವಿಗೆ ಚುಚ್ಚತದ ಅಂದ್ರ ಬುಡಾನ ಇಲ್ಲ. ದನಿ ಸಣ್ಣ ಮಾಡ್ರಿ, ಅಷ್ಟು ಸಣ್ಣದಾಗೂ ಶಬ್ದ ಬಿಡಿಸಿ ತಿಳೀಬೇಕು. ಆಮ್ಯಾಲೆ ಹತ್ತು ಹೆಜ್ಜಿ ದೂರ ಹೋಗಿ, ಬೆನ್ನು ಮಾಡಿ ನಿಂತು ಕೇಳ್ರಿ. ನಾವು ಮನ್ಯಾಗ ಕೇಳೋದು ಬೆನ್ನು ಮಾಡಿನ, ಒಲಿ ಕಡೆ ಮಾರಿ ಮಾಡಿ.

ಮನಿಗೆ ತಂದಮ್ಯಾಲೆ ಎಲ್ಲಿ ಇಡತೀರಿ ಅನ್ನೋದೂ ಅರ್ಧ ಕೆಲಸ. ದನಿ ತೆಳ್ಳಗಿದ್ರ ಗ್ವಾಡಿ ಹತ್ರ, ಗುಂಯ್ ಅಂತಿದ್ರ ಗ್ವಾಡಿಯಿಂದ ದೂರ. ಮೀಡಿಯಂ ವೇವ್ ಹಿಡಿಯುವಾಗ ಖರಖರ ಬಂದ್ರ ರೇಡಿಯೋನ ಕಾಲುಸುತ್ತು ತಿರುಗಿಸಿ ನೋಡ್ರಿ. ಒಳಗಿನ ಏರಿಯಲ್ ಕಡ್ಡಿಗೆ ದಿಕ್ಕು ಅದ, ಒಂದು ಕಡೆ ಛಲೋ ಹಿಡೀತದ, ಇನ್ನೊಂದು ಕಡೆ ಹಿಡಿಯೂದಿಲ್ಲ. ಎಲ್‌ಇಡಿ ದೀಪಾ, ಮೊಬೈಲ್ ಚಾರ್ಜರು ಬಾಜೂಕ ಇದ್ರ ಅವನ್ನ ತಗೀರಿ. ಎಫ್‌ಎಂಗೆ ಮಾತ್ರ ಕಡ್ಡಿ ಪೂರಾ ಎಳೀರಿ, ಕಿಡಕಿ ಹತ್ರ ಇಡ್ರಿ.

ಇನ್ನ ಮನ್ಯಾಗ ಅತ್ತಿ ಇದ್ರ, ಅಜ್ಜಿ ಇದ್ರ, ಕಣ್ಣು ಮಂದಾದವರು ಯಾರೇ ಇದ್ರ, ಅಂಗಡಿಗೆ ಅವರನ್ನೂ ಕರಕೊಂಡು ಹೋಗ್ರಿ. ದಿನದಾಗ ಹೆಚ್ಚು ಹೊತ್ತು ಕೇಳವರು ಅವರು. ಅಂಗಡಿಯವ ನಿಮ್ಮ ಮನಿಯವರ ಕಡೆ ಮಾರಿ ಮಾಡಿ ಬ್ಯಾಂಡು, ವ್ಯಾಟು, ಬ್ಲೂಟೂತ್ ಅಂತ ಹೇಳಕೋತ ಇರಲಿ. ನೀವು ಅಜ್ಜಿಗೆ ಒಂದ ಮಾತು ಕೇಳ್ರಿ: ಈಗ ಅವರು ಏನು ಹೇಳಿದ್ರು, ತಿಳೀತೇನು? ತಿಳೀತು ಅಂದ್ರ ಆ ರೇಡಿಯೋ ಕಟ್ಟಿಸಿಕೊಂಡು ಬರ್ರಿ.