ಆಸ್ಪತ್ರೆಯೊಳಗಿನ ಫ್ಲೂ: ಮುಂಜಾಗ್ರತಾ ಮಾತ್ರೆ ಮತ್ತು ಔಷಧಕ್ಕೆ ಬಗ್ಗದ ವೈರಾಣು

ಬೇರೊಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದ ರೋಗಿಗೆ ಅಲ್ಲಿಯೇ ಇನ್‌ಫ್ಲುಯೆಂಜಾ ಅಂಟುವುದುಂಟು. ಅದನ್ನು ತಡೆಯಲು, ಸೋಂಕಿತರ ಸಮೀಪವಿದ್ದ ಆದರೆ ಇನ್ನೂ ಜ್ವರ ಕಾಣಿಸಿಕೊಳ್ಳದವರಿಗೆ ವೈರಾಣು ನಿರೋಧಕ ಮಾತ್ರೆ ಕೊಡುವ ಪದ್ಧತಿಯಿದೆ. 2009ರಲ್ಲಿ ಎಚ್1ಎನ್1 ರಾಜ್ಯವನ್ನು ಕಾಡಿದಾಗ ಟಾಮಿಫ್ಲೂ ಎಂಬ ಹೆಸರು ಮನೆಮಾತಾಯಿತು. ಅದರಲ್ಲಿರುವ ಔಷಧವೇ ಒಸೆಲ್ಟಾಮಿವಿರ್. ಕೇಂದ್ರ ಆರೋಗ್ಯ ಸಚಿವಾಲಯದ ಅಂದಿನ ಮಾರ್ಗಸೂಚಿಯು ರೋಗಿಯ ಮನೆಯವರಿಗೂ ಆರೈಕೆ ಮಾಡುವ ಸಿಬ್ಬಂದಿಗೂ ಇದನ್ನು ಮುಂಜಾಗ್ರತೆಯಾಗಿ ನೀಡಲು ಸೂಚಿಸಿತ್ತು.

ತೊಡಕಿರುವುದು ಪ್ರಮಾಣದಲ್ಲಿ. ಚಿಕಿತ್ಸೆಗೆ ವಯಸ್ಕರಿಗೆ 75 ಮಿಲಿಗ್ರಾಂ ಮಾತ್ರೆ ದಿನಕ್ಕೆರಡರಂತೆ 5 ದಿನ. ಮುಂಜಾಗ್ರತೆಗೆ ದಿನಕ್ಕೊಂದರಂತೆ ಸಾಮಾನ್ಯವಾಗಿ 10 ದಿನ. ಮಾತ್ರೆ ಆರಂಭಿಸುವ ವೇಳೆಗೆ ಸೋಂಕು ಆಗಲೇ ಒಳಹೊಕ್ಕಿದ್ದರೆ ಈ ಅರ್ಧ ಪ್ರಮಾಣ ವೈರಾಣುವನ್ನು ಪೂರ್ತಿ ಹತ್ತಿಕ್ಕಲಾರದು. ಉಳಿದವುಗಳಲ್ಲಿ ಔಷಧವನ್ನು ತಾಳಬಲ್ಲವು ಮೇಲುಗೈ ಪಡೆಯುತ್ತವೆ. ವೈರಾಣುವಿನ ನ್ಯೂರಮಿನಿಡೇಸ್ ಕಿಣ್ವದ 275ನೇ ಸ್ಥಾನದಲ್ಲಿ ಹಿಸ್ಟಿಡಿನ್ ಬದಲು ಟೈರೋಸಿನ್ ಬಂದು ಕೂತರೆ ಸಾಕು, ಒಸೆಲ್ಟಾಮಿವಿರ್‌ಗೆ ಅಲ್ಲಿ ಹಿಡಿತ ಸಿಗದು. ಝನಾಮಿವಿರ್ ಮಾತ್ರ ಇಂಥ ವೈರಾಣುವಿನ ಮೇಲೂ ಕೆಲಸ ಮಾಡುತ್ತದೆ.

ಇದು ಬರಿಯ ಊಹೆಯಲ್ಲ. 2009ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ತೆಗೆದುಕೊಂಡ 28 ನಿರೋಧಕ ಎಚ್1ಎನ್1 ಪ್ರಕರಣಗಳಲ್ಲಿ 12 ಮುಂಜಾಗ್ರತಾ ಮಾತ್ರೆಗೆ ಸಂಬಂಧಿಸಿದ್ದವು. 6 ರೋಗಿಗಳಲ್ಲಿ ರೋಗನಿರೋಧಕ ಶಕ್ತಿ ತೀರಾ ಕುಂದಿತ್ತು. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದ ಆಸ್ಪತ್ರೆಯ ರಕ್ತರೋಗಿಗಳ ವಾರ್ಡಿನಲ್ಲಿ ನಿರೋಧಕ ವೈರಾಣು ಒಬ್ಬರಿಂದೊಬ್ಬರಿಗೆ ಹರಡಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೂ 4 ರೋಗಿಗಳಲ್ಲಿ ಅದು ಪತ್ತೆಯಾಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ದೇಹದಲ್ಲಿ ವೈರಾಣು ವಾರಗಟ್ಟಲೆ ಉಳಿಯುವುದರಿಂದ ರೂಪಾಂತರಕ್ಕೆ ಬೇಕಾದಷ್ಟು ಕಾಲಾವಕಾಶ ದೊರೆಯುತ್ತದೆ.

ಹಾಗೆಂದು ಮುಂಜಾಗ್ರತಾ ಮಾತ್ರೆಯನ್ನೇ ತಳ್ಳಿಹಾಕುವುದು ಸರಿಯಲ್ಲ. ಇಂದಿಗೂ ಹರಡುತ್ತಿರುವ ಫ್ಲೂ ವೈರಾಣುಗಳಲ್ಲಿ ಬಹುಪಾಲು ಒಸೆಲ್ಟಾಮಿವಿರ್‌ಗೆ ಬಗ್ಗುತ್ತವೆ. ಆಯ್ದವರಿಗೆ, ಸಂಪರ್ಕವಾದ 48 ಗಂಟೆಯೊಳಗೆ ಕೊಡಬೇಕು. ಜ್ವರ, ಕೆಮ್ಮು ಕಂಡ ಕೂಡಲೇ ಪರೀಕ್ಷಿಸಿ ಪೂರ್ಣ ಚಿಕಿತ್ಸಾ ಪ್ರಮಾಣಕ್ಕೆ ಬದಲಿಸಬೇಕು. ಐಹೊಳೆಯಂಥ ಊರಿನ ರೋಗಿ ಅಮೀನಗಡ ದಾಟಿ ಬಾಗಲಕೋಟೆಯ ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಈ ಗಡುವು ಎಷ್ಟೋ ಸಲ ಮುಗಿದಿರುತ್ತದೆ. ಜೊತೆಗೆ ಬಂದ ಮನೆಯವರು ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗುವುದು ನಮ್ಮ ಆಸ್ಪತ್ರೆಗಳ ರೂಢಿ. ಸಂಪರ್ಕಿತರ ಪಟ್ಟಿ ಬರೆಯುವವರು ಸಿಬ್ಬಂದಿಗಿಂತ ಮೊದಲು ಇವರನ್ನು ಎಣಿಸಬೇಕಾಗುತ್ತದೆ.

2017ರಲ್ಲಿ ಕೇಂದ್ರ ಸರ್ಕಾರ ಒಸೆಲ್ಟಾಮಿವಿರ್ ಮಾರಾಟದ ನಿರ್ಬಂಧವನ್ನು ಸಡಿಲಿಸಿ ಎಚ್1 ಅನುಸೂಚಿಗೆ ಸೇರಿಸಿತು. ಔಷಧದಂಗಡಿಗಳಲ್ಲಿ ಈಗ ಅದು ಸಿಗುತ್ತದೆಯಾದರೂ ವೈದ್ಯರ ಚೀಟಿ ಕಡ್ಡಾಯ.