ಕಂದು ಹೊಳೆಗಳ ಲೆಕ್ಕ

ಇಂಗಾಲ ಎಂಬ ಮಾತು ನಮಗೆ ಪ್ರಾಕೃತದ ಕಡೆಯಿಂದ ಬಂದದ್ದು. ಮೂಲ ಸಂಸ್ಕೃತದ ಅಂಗಾರ, ಎಂದರೆ ಕೆಂಡ. ಕೆಂಡದ ಹೆಸರಿನ ಈ ವಸ್ತುವನ್ನು ಹಿಮದಂಥ ನೀರಿನಲ್ಲಿ ಹುಡುಕಿದವರ ಕಥೆಯೇ ಇಂದು ನನ್ನ ವಿಷಯ.

ಸ್ವೀಡನ್ನಿನಿಂದ ಸೈಬೀರಿಯದವರೆಗೆ, ಅತ್ತ ಕೆನಡದಲ್ಲಿಯೂ, ಪೈನ್, ಸ್ಪ್ರೂಸ್ ಮರಗಳ ಮಹಾರಣ್ಯವೊಂದು ಹಬ್ಬಿದೆ. ಗ್ರೀಕರ ಬಡಗಣ ಗಾಳಿಯ ದೇವತೆ ಬೋರಿಯಾಸನ ಹೆಸರಿನಿಂದ ಅದನ್ನು ಬೋರಿಯಲ್ ವಲಯವೆನ್ನುತ್ತಾರೆ. ಅಲ್ಲಿಯ ಅನೇಕ ಹೊಳೆಗಳ ನೀರು ಚಹದ ಕಷಾಯದಂತೆ ಕಂದು. ಚಳಿಯಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಜೌಗಿನಲ್ಲಿ ಕೂಡಿಬಿದ್ದ ಪಾಚಿ, ಎಲೆ, ಬೇರುಗಳ ಸಾರ ಅದು. 1833ರಲ್ಲಿಯೇ ರಸಾಯನಜ್ಞ ಬರ್ಜೀಲಿಯಸ್ ಸ್ವೀಡನ್ನಿನ ಪೋರ್ಲಾ ಚಿಲುಮೆಯ ನೀರಿನಲ್ಲಿ ಕಂಡ ಇಂಥ ಎರಡು ಆಮ್ಲಗಳನ್ನು ವರ್ಣಿಸಿದ್ದ.

ಅದೇ ನಾಡಿನ ಭೂವಿಜ್ಞಾನಿ ಹೋಗ್ಬೋಮ್ 1894ರಲ್ಲಿ ಬಂಡೆ, ಕಡಲು, ಗಾಳಿಗಳ ನಡುವಣ ಇಂಗಾಲದ ಕೊಡುಕೊಳೆಯ ಲೆಕ್ಕ ಬರೆದ. ಜಗತ್ತು ಆಗ ವರ್ಷಕ್ಕೆ ಸುಡುತ್ತಿದ್ದ ಕಲ್ಲಿದ್ದಲು ಸುಮಾರು 50 ಕೋಟಿ ಟನ್. ಅದರಿಂದೇಳುವ ಇಂಗಾಲಾಮ್ಲ ಅನಿಲ ವಾಯುಮಂಡಲದಲ್ಲಿದ್ದ ಮೊತ್ತದ ಸಾವಿರದಲ್ಲೊಂದು ಪಾಲು ಎಂದು ಅವನ ಎಣಿಕೆ. ಅರ್ಹೇನಿಯಸ್ 1896ರಲ್ಲಿ ಈ ಅನಿಲ ಇಮ್ಮಡಿಸಿದರೆ ಭೂಮಿ ಐದಾರು ಡಿಗ್ರಿ ಬಿಸಿಯಾದೀತೆಂದು ಸಾರಿದ. ಯಂತ್ರದ ನೆರವಿಲ್ಲದೆ ತಿಂಗಳುಗಟ್ಟಲೆ ಕೈಯಲ್ಲಿ ಮಾಡಿದ ಗಣಿತ ಅದು. ಅಂಥ ತಾಳ್ಮೆ ನನಗಂತೂ ಊಹೆಗೆ ಮೀರಿದ್ದು.

ಆದರೆ ಮುಂದೆ ಬಹುಕಾಲ ಇಂಗಾಲದ ಲೆಕ್ಕಪುಸ್ತಕದಲ್ಲಿ ನದಿಯೆಂದರೆ ನೆಲದ ಪದಾರ್ಥವನ್ನು ಕಡಲಿಗೆ ಸಾಗಿಸುವ ಬರಿಯ ಕೊಳವೆಯಾಗಿತ್ತು. ನದಿ ಸಾಗಿಸುವುದಷ್ಟೇ ಅಲ್ಲ, ಜೀರ್ಣಿಸಿಕೊಳ್ಳುತ್ತದೆ. ಕಂದು ಸಾರವನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಬಿಸಿಲು ಒಡೆಯುತ್ತದೆ. ಕಾಡಿನ ಮಣ್ಣಿನಿಂದ ಒಸರುವ ನೀರೂ ಇಂಗಾಲಾಮ್ಲವನ್ನು ಹೊತ್ತು ತರುತ್ತದೆ. ಕಲ್ಲುಗಳ ಮೇಲೆ ತೊರೆ ಧುಮುಕಿದಲ್ಲೆಲ್ಲ ಅದು ಗಾಳಿಗೆ ಹಾರುತ್ತದೆ. ಕೆಸರಿನಿಂದ ಮೀಥೇನ್ ಬೇರೆ. 2007ರಲ್ಲಿ ಜೋನಥನ್ ಕೋಲ್ ಮತ್ತು ಸಂಗಡಿಗರು, ಒಳನಾಡಿನ ನೀರಿಗೆ ಸೇರುವ ಇಂಗಾಲದಲ್ಲಿ ಸುಮಾರು ಅರ್ಧ ಕಡಲನ್ನು ಮುಟ್ಟುವುದೇ ಇಲ್ಲವೆಂದು ತೋರಿಸಿದರು. 2013ರ ಒಂದು ಅಂದಾಜಿನಂತೆ ಲೋಕದ ತೊರೆ-ನದಿಗಳು ಬಿಡುವ ಇಂಗಾಲ ವರ್ಷಕ್ಕೆ 180 ಕೋಟಿ ಟನ್.

ಇದರಿಂದ ಹೊಳೆಯನ್ನು ಕಾರ್ಖಾನೆಯ ಸಾಲಿಗೆ ಸೇರಿಸುವುದು ಅನ್ಯಾಯ. ಇದರ ಬಹುಪಾಲು ಕಾಡು ಗಾಳಿಯಿಂದಲೇ ಪಡೆದ ಸಾಲದ ಮರುಪಾವತಿ. ತೊಡಕಿರುವುದು ಲೆಕ್ಕದಲ್ಲಿ: ಕಾಡು ಹೀರಿದ್ದನ್ನು ಜಮೆಗೆ ಬರೆದು ಹೊಳೆ ಬಿಟ್ಟದ್ದನ್ನು ಖರ್ಚಿಗೆ ಬರೆಯದಿದ್ದರೆ, ಕಾಡು ಇರುವುದಕ್ಕಿಂತ ಸಿರಿವಂತನಾಗಿ ಕಾಣುತ್ತದೆ, ಆ ಸಿರಿಯನ್ನು ನಂಬಿ ಕಲ್ಲಿದ್ದಲು ಸುಡುವವರೂ ಇದ್ದಾರೆ. ಉತ್ತರದಲ್ಲಂತೂ ಚಳಿಗಾಲವಿಡೀ ಮಂಜುಗಡ್ಡೆಯ ಕೆಳಗೆ ಅನಿಲ ಕೂಡಿಕೊಂಡಿದ್ದು, ವಸಂತದಲ್ಲಿ ಗಡ್ಡೆ ಒಡೆದಾಗ ಕೆಲವೇ ದಿನಗಳಲ್ಲಿ ಹೊರಬೀಳುತ್ತದೆ. ಅಳೆಯುವವರು ಹೆಚ್ಚಾಗಿ ದಾರಿ ಸುಗಮವಾದ ಬೇಸಗೆಯಲ್ಲಿ ಹೋಗುತ್ತಿದ್ದರು.