ಕರೋಶಿ: ತಪ್ಪು ಮನಸ್ಸಿನದೇ, ಕೆಲಸದ್ದೇ?

ಜಪಾನಿನ ಅತಿ ದೊಡ್ಡ ಜಾಹೀರಾತು ಸಂಸ್ಥೆ ಡೆಂಟ್ಸು. 1991ರಲ್ಲಿ ಅದರ ಟೋಕಿಯೋ ಕಚೇರಿಯಲ್ಲಿ ನೌಕರರ ಕೆಲಸದ ಹೊತ್ತಿಗೆ ಎರಡು ದಾಖಲೆಗಳಿದ್ದವು. ಒಂದು, ಎಷ್ಟು ಹೊತ್ತು ದುಡಿದೆನೆಂದು ನೌಕರ ತಾನೇ ಬರೆದುಕೊಡುವ ತಖ್ತೆ. ಇನ್ನೊಂದು, ಯಾರು ಇನ್ನೂ ಕುಳಿತಿದ್ದಾರೆ ಎಂದು ರಾತ್ರಿ ಗಸ್ತು ತಿರುಗುವ ಸಿಬ್ಬಂದಿ ಗುರುತು ಹಾಕಿಕೊಳ್ಳುತ್ತಿದ್ದ ವರದಿ. ರೇಡಿಯೋ ವಿಭಾಗದ ಯುವಕನೊಬ್ಬನ ವಿಷಯದಲ್ಲಿ ಈ ಎರಡೂ ತಾಳೆಯಾಗುತ್ತಿರಲಿಲ್ಲ. ಆತ ಬರೆದುಕೊಟ್ಟದ್ದು ಕಡಿಮೆ, ದುಡಿದದ್ದು ಹೆಚ್ಚು. ಅನೇಕ ದಿನ ನಡುರಾತ್ರಿ ಎರಡು ಗಂಟೆ ದಾಟಿದರೂ, ಕೆಲವೊಮ್ಮೆ ಬೆಳಗಾಗುವವರೆಗೂ, ಆತ ಕಚೇರಿಯಲ್ಲಿಯೇ ಇದ್ದ.

ಆತ ಕೆಲಸಕ್ಕೆ ಸೇರಿದ್ದು 1990ರ ಏಪ್ರಿಲ್‌ನಲ್ಲಿ. 1991ರ ಆಗಸ್ಟ್‌ನಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಪ್ರಾಣ ಕಳೆದುಕೊಂಡ. ಖಿನ್ನತೆ ಆತನನ್ನು ಆತ್ಮಹತ್ಯೆಗೆ ದೂಡಿತ್ತು. ತಂದೆ ತಾಯಿ ನ್ಯಾಯಾಲಯದ ಮೆಟ್ಟಿಲೇರಿದರು. ಈ ಸಾವಿಗೆ ಹೊಣೆ ಯಾರು, ಆತನ ಮನಸ್ಸೇ ಅಥವಾ ಆತನಿಗೆ ವಹಿಸಿದ ಕೆಲಸವೇ ಎಂಬ ಪ್ರಶ್ನೆಗೆ ಜಪಾನ್ ಉತ್ತರ ಕಂಡುಕೊಳ್ಳಲು ಸುಮಾರು ಒಂಬತ್ತು ವರ್ಷಗಳೇ ಬೇಕಾದವು. ದುಡಿಯುವ ಜಾಗದಲ್ಲಿ ಮನಸ್ಸಿನ ಆರೋಗ್ಯದ ಮಾತು ಬಂದಾಗಲೆಲ್ಲ ನೆನೆಯಬೇಕಾದ ಉತ್ತರ ಅದು.

ಅತಿ ದುಡಿಮೆಯಿಂದ ಬರುವ ಸಾವಿಗೆ ಜಪಾನೀ ಭಾಷೆಯಲ್ಲಿ 'ಕರೋಶಿ' ಎಂದು ಹೆಸರು. ಈ ಪದವನ್ನು ಮೂರು ಅಕ್ಷರಚಿಹ್ನೆಗಳಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ ಮಿತಿಮೀರಿದ್ದು ಎಂಬ ಅರ್ಥ, ಎರಡನೆಯದಕ್ಕೆ ದುಡಿಮೆ, ಮೂರನೆಯದಕ್ಕೆ ಸಾವು. ಪದ ಹಳೆಯದೇನಲ್ಲ. ಕರೋಶಿಯ ಮೊದಲ ಪ್ರಕರಣವೆಂದು ಸಾಮಾನ್ಯವಾಗಿ ಹೆಸರಿಸುವುದು 1969ರದ್ದನ್ನು. ಪತ್ರಿಕಾ ಸಂಸ್ಥೆಯೊಂದರ ರವಾನೆ ವಿಭಾಗದ 29 ವರ್ಷದ ನೌಕರ ಆಗ ಮಿದುಳಿನ ಆಘಾತದಿಂದ ತೀರಿಕೊಂಡಿದ್ದ. 1978ರಲ್ಲಿ ಡಾ. ತೆತ್ಸುನೊಜೊ ಉಯೆಹಾತ ಎಂಬ ವೈದ್ಯರು ಇಂತಹ 17 ಪ್ರಕರಣಗಳನ್ನು ಕಲೆಹಾಕಿ ವೈದ್ಯರ ಸಭೆಯೊಂದರಲ್ಲಿ ಮಂಡಿಸಿದರು. 1982ರಲ್ಲಿ ಅವರೂ ಇಬ್ಬರು ಸಹೋದ್ಯೋಗಿ ವೈದ್ಯರೂ ಸೇರಿ ಬರೆದ ಪುಸ್ತಕ ಹೊರಬಂದ ಮೇಲೆ ಪದ ಜನರ ಬಾಯಿಗೆ ಬಂತು. ಅದುವರೆಗೆ ಇವೆಲ್ಲ ಬಿಡಿಬಿಡಿ ಸಾವುಗಳಾಗಿದ್ದವು. ಒಬ್ಬನದು ಹೃದಯದ ದೋಷ, ಮತ್ತೊಬ್ಬನದು ರಕ್ತದ ಒತ್ತಡ, ಮಗದೊಬ್ಬನದು ಹಣೆಬರಹ. ಹೆಸರು ಸಿಕ್ಕ ಮೇಲೆ ಅವೆಲ್ಲ ಒಂದೇ ಸಾಲಿನಲ್ಲಿ ನಿಂತವು.

ಜಪಾನಿನಲ್ಲಿ ಕಾನೂನು ಇರಲಿಲ್ಲವೇ? ಇತ್ತು. 1947ರ ಕಾರ್ಮಿಕ ಕಾಯಿದೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೇ ವಿಧಿಸಿತ್ತು. ಆದರೆ ಅದರ 36ನೆಯ ಕಲಮು ಒಂದು ಕಿಂಡಿಯನ್ನು ತೆರೆದಿಟ್ಟಿತ್ತು. ಆಡಳಿತವರ್ಗವೂ ನೌಕರರ ಪ್ರತಿನಿಧಿಗಳೂ ಒಪ್ಪಂದ ಮಾಡಿಕೊಂಡು ಸರ್ಕಾರಕ್ಕೆ ತಿಳಿಸಿದರೆ ಹೆಚ್ಚುವರಿ ಹೊತ್ತು ದುಡಿಸಬಹುದಿತ್ತು. ಎಷ್ಟು ಹೊತ್ತು ಎಂಬುದಕ್ಕೆ ಶಿಕ್ಷೆಯ ಬಲವುಳ್ಳ ಮಿತಿ ದಶಕಗಳ ಕಾಲ ಇರಲೇ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಕಂಪೆನಿಗಳು ಹೊಸಬರ ನೇಮಕಕ್ಕೆ ಕೈ ಬಿಗಿಹಿಡಿದವು. ಕೆಲಸ ಮಾತ್ರ ಕಡಿಮೆಯಾಗಲಿಲ್ಲ, ಇದ್ದವರ ಹೆಗಲಿಗೇ ಬಿತ್ತು. ಒಮ್ಮೆ ಸೇರಿದರೆ ನಿವೃತ್ತಿಯವರೆಗೂ ಅನ್ನ ಕೊಡುವ ಕಂಪೆನಿಗೆ ಇಲ್ಲವೆನ್ನುವುದು ಹೇಗೆ? ದುಡಿದದ್ದನ್ನು ಪೂರ್ತಿ ಬರೆಯದಿರುವುದು, ಬರೆಯದ ಹೊತ್ತಿಗೆ ಸಂಬಳ ಕೇಳದಿರುವುದು ಕಚೇರಿಗಳಲ್ಲಿ ಒಂದು ರೂಢಿಯೇ ಆಯಿತು. ಅದಕ್ಕೆ 'ಸೇವೆಯ ಓವರ್‌ಟೈಮ್' ಎಂಬ ಹೆಸರೂ ಬಂತು. ಡೆಂಟ್ಸು ಕಚೇರಿಯ ಎರಡು ದಾಖಲೆಗಳು ಏಕೆ ತಾಳೆಯಾಗುತ್ತಿರಲಿಲ್ಲ ಎಂಬುದರ ಗುಟ್ಟು ಇಲ್ಲಿದೆ.

1988ರಲ್ಲಿ ವಕೀಲರು ಮತ್ತು ವೈದ್ಯರು ಕರೋಶಿಗಾಗಿಯೇ ದೂರವಾಣಿ ಸಲಹಾ ಕೇಂದ್ರಗಳನ್ನು ತೆರೆದರು. ಕರೆ ಮಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಗಂಡನನ್ನು ಕಳೆದುಕೊಂಡವರು, ಕಳೆದುಕೊಳ್ಳುವೆವೆಂದು ಹೆದರಿದವರು. ಸರ್ಕಾರದ ಪರಿಹಾರ ಸಿಗುವುದು ಸುಲಭವಾಗಿರಲಿಲ್ಲ. 1987ರ ನಿಯಮದಂತೆ ಅಧಿಕಾರಿಗಳು ಮುಖ್ಯವಾಗಿ ನೋಡುತ್ತಿದ್ದುದು ಕಾಯಿಲೆ ಬೀಳುವ ಹಿಂದಿನ ಒಂದು ವಾರದ ಕೆಲಸವನ್ನು. ವರ್ಷಗಟ್ಟಲೆ ಸವೆದ ದೇಹಕ್ಕೆ ಒಂದು ವಾರದ ಲೆಕ್ಕ!

ದೇಹದ ಕತೆ ಹೀಗಾದರೆ ಮನಸ್ಸಿನ ಕತೆ ಇನ್ನೂ ಕಷ್ಟದ್ದು. ಉದ್ದೇಶಪೂರ್ವಕವಾಗಿ ತಂದುಕೊಂಡ ಹಾನಿಗೆ ವಿಮೆಯ ಪರಿಹಾರವಿಲ್ಲವೆಂದು ಕಾನೂನು ಹೇಳುತ್ತಿತ್ತು. ಆತ್ಮಹತ್ಯೆ ಎಂದರೆ ಆ ವ್ಯಕ್ತಿಯೇ ಮಾಡಿದ ತೀರ್ಮಾನ, ಅದಕ್ಕೂ ಕಂಪೆನಿಗೂ ಏನು ಸಂಬಂಧ ಎಂಬ ವಾದ ಗಟ್ಟಿಯಾಗಿತ್ತು. ಅದೇ ಮೇಜಿನಲ್ಲಿ ಕುಳಿತ ಉಳಿದವರು ಬದುಕಿಲ್ಲವೇ? ಇವನದೇ ಮನಸ್ಸು ಮೆದು.

ಡೆಂಟ್ಸು ಮೊಕದ್ದಮೆಯಲ್ಲಿ ಈ ವಾದವೇ ಪರೀಕ್ಷೆಗೆ ಒಳಗಾಯಿತು. 1996ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಕಂಪೆನಿಯೇ ಹೊಣೆಯೆಂದು ತೀರ್ಮಾನಿಸಿ ಸುಮಾರು 12 ಕೋಟಿ 60 ಲಕ್ಷ ಯೆನ್ ಪರಿಹಾರ ವಿಧಿಸಿತು. ಅಲ್ಲಿ ಹೊರಬಿದ್ದ ಒಂದು ಸಂಗತಿಯನ್ನು ಗಮನಿಸಬೇಕು. ಯುವಕ ರಾತ್ರಿಯಿಡೀ ಇರುವುದು ಮೇಲಧಿಕಾರಿಗಳಿಗೆ ತಿಳಿದಿರಲಿಲ್ಲವೆಂದಲ್ಲ. ಮನೆಗೆ ಹೋಗಿ ಮಲಗು, ಕೆಲಸ ಮುಗಿಯದಿದ್ದರೆ ಬೆಳಿಗ್ಗೆ ಬೇಗ ಬಂದು ಮಾಡು ಎಂದು ಆತನಿಗೆ ಹೇಳಿದ್ದರು. ಮಾತಿನಲ್ಲಿ ಕಾಳಜಿಯಿತ್ತು, ಆದರೆ ಕೆಲಸದ ಹೊರೆಯಲ್ಲಿ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ರಜೆ ಹಾಕು ಎಂದು ಮನೆಯಲ್ಲಿ ತಂದೆ ತಾಯಿ ಹೇಳಿದಾಗ, ತನ್ನ ಬದಲಿಗೆ ಮಾಡುವವರು ಯಾರೂ ಇಲ್ಲ ಎಂದಿದ್ದ ಮಗ.

1997ರಲ್ಲಿ ಮೇಲ್ಮನವಿ ಆಲಿಸಿದ ಹೈಕೋರ್ಟ್ ಕಂಪೆನಿಯ ಹೊಣೆಯನ್ನು ಒಪ್ಪಿತು. ಆದರೆ ಪರಿಹಾರದಲ್ಲಿ ಶೇಕಡಾ 30ರಷ್ಟನ್ನು ಕಡಿತ ಮಾಡಿತು. ಕಾರಣ? ಆತ ಅತಿ ನಿಷ್ಠೆಯ, ಎಲ್ಲವೂ ಚೊಕ್ಕಟವಾಗಿರಬೇಕೆನ್ನುವ ಸ್ವಭಾವದವನು. ಆ ಸ್ವಭಾವವೂ ಕಾಯಿಲೆಗೆ ಕಾರಣ. ಜೊತೆಗೆ, ಒಂದೇ ಮನೆಯಲ್ಲಿದ್ದ ತಂದೆ ತಾಯಿ ಆತನನ್ನು ತಡೆಯಬಹುದಿತ್ತು. ಹೀಗೆ, ಯಾವ ಗುಣವನ್ನು ಮೆಚ್ಚಿ ನೌಕರಿಗೆ ತೆಗೆದುಕೊಳ್ಳುತ್ತಾರೋ ಅದೇ ಗುಣ ಸತ್ತ ಮೇಲೆ ಆತನ ತಪ್ಪಿನ ಪಟ್ಟಿಗೆ ಸೇರಿತು.

2000ದ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಈ ಕಡಿತವನ್ನು ತಳ್ಳಿಹಾಕಿತು. ಒಂದೇ ಕೆಲಸ ಮಾಡುವ ಜನರ ಸ್ವಭಾವ ಒಂದೇ ತೆರನಾಗಿ ಇರುವುದಿಲ್ಲ. ಆ ವೈವಿಧ್ಯದ ಮಿತಿಯೊಳಗೇ ಇರುವ ಸ್ವಭಾವವನ್ನು ನೌಕರನ ದೋಷವೆಂದು ಎಣಿಸಲಾಗದು. ಯಾರಿಗೆ ಯಾವ ಕೆಲಸ, ಎಷ್ಟು ಕೆಲಸ ಎಂದು ತೀರ್ಮಾನಿಸುವವರು ಮೇಲಿನವರು. ತಮ್ಮ ಜನರ ಸ್ವಭಾವವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲರು. ದಣಿವೂ ಮನಸ್ಸಿನ ಮೇಲಿನ ಹೊರೆಯೂ ಮಿತಿಮೀರಿ ನೌಕರನ ಆರೋಗ್ಯ ಕೆಡದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ. ಇದು ತೀರ್ಪಿನ ಸಾರ. ಸ್ವತಂತ್ರ ಉದ್ಯೋಗಿಯಾಗಿದ್ದ ವಯಸ್ಕ ಮಗನ ಕೆಲಸದ ಪರಿಸ್ಥಿತಿಯನ್ನು ಸರಿಪಡಿಸಲು ತಂದೆ ತಾಯಿಗೆ ಸುಲಭವಾಗಿ ಆಗುತ್ತಿರಲಿಲ್ಲವೆಂದೂ ನ್ಯಾಯಾಲಯ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಕಂಪೆನಿ ಕ್ಷಮೆ ಕೇಳಿ, ಸುಮಾರು 16 ಕೋಟಿ 80 ಲಕ್ಷ ಯೆನ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ತೀರ್ಪಿನ ತೂಕ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಗಿರಣಿಗಳಲ್ಲಿ ಯಂತ್ರಕ್ಕೆ ಕೈ ಸಿಕ್ಕಿದರೆ ಕಾರ್ಮಿಕನ ಅಜಾಗರೂಕತೆ ಎನ್ನುತ್ತಿದ್ದರು. 1844ರ ಇಂಗ್ಲೆಂಡಿನ ಕಾರ್ಖಾನೆ ಕಾಯಿದೆ ಅಪಾಯದ ಯಂತ್ರಭಾಗಗಳಿಗೆ ತಡೆಬೇಲಿ ಕಟ್ಟಬೇಕೆಂದಿತು. ಮನುಷ್ಯ ಎಂದಾದರೊಂದು ದಿನ ಎಚ್ಚರ ತಪ್ಪುತ್ತಾನೆ, ಆದ್ದರಿಂದ ಬೇಲಿ ಯಂತ್ರಕ್ಕೆ ಇರಬೇಕು ಎಂಬ ವಿವೇಕ ಅದು. ಆ ವಿವೇಕ ಕೈಬೆರಳಿನಿಂದ ಮನಸ್ಸಿನವರೆಗೆ ಬರಲು ಒಂದೂವರೆ ಶತಮಾನ ಹಿಡಿಯಿತು.

ತೀರ್ಪಿನ ಆಸುಪಾಸಿನಲ್ಲಿ ಸರ್ಕಾರವೂ ಬದಲಾಯಿತು. 1999ರಲ್ಲಿ ಕೆಲಸದಿಂದ ಬಂದ ಮನೋರೋಗ ಮತ್ತು ಆತ್ಮಹತ್ಯೆಗಳ ಪರಿಹಾರಕ್ಕೆ ಮಾರ್ಗಸೂಚಿ ಬಂತು. 2001ರಲ್ಲಿ ಒಂದು ವಾರದ ಲೆಕ್ಕ ಹೋಗಿ ಆರು ತಿಂಗಳವರೆಗಿನ ಲೆಕ್ಕ ಬಂತು. ಕಾಯಿಲೆಗೆ ಮುಂಚಿನ ಒಂದು ತಿಂಗಳಲ್ಲಿ 100 ಗಂಟೆ, ಅಥವಾ ಎರಡರಿಂದ ಆರು ತಿಂಗಳ ಸರಾಸರಿಯಲ್ಲಿ 80 ಗಂಟೆ ಮೀರಿದ ಹೆಚ್ಚುವರಿ ದುಡಿಮೆಗೂ ಮಿದುಳು, ಹೃದಯಗಳ ಕಾಯಿಲೆಗೂ ಬಲವಾದ ನಂಟಿದೆಯೆಂದು ಒಪ್ಪಲಾಯಿತು. ಜನ ಇದನ್ನು 'ಕರೋಶಿ ಗೆರೆ' ಎಂದು ಕರೆದರು. 2014ರಲ್ಲಿ ಕರೋಶಿ ತಡೆಗಾಗಿಯೇ ಒಂದು ಕಾಯಿದೆಯಾಯಿತು. 2015ರ ಡಿಸೆಂಬರ್‌ನಿಂದ 50ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಡೆಗಳಲ್ಲಿ ವರ್ಷಕ್ಕೊಮ್ಮೆ ಮಾನಸಿಕ ಒತ್ತಡದ ತಪಾಸಣೆ ಕಡ್ಡಾಯವಾಯಿತು.

ಕತೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಅದೇ 2015ರ ಡಿಸೆಂಬರ್‌ನಲ್ಲಿ, ಅದೇ ಡೆಂಟ್ಸು ಸಂಸ್ಥೆಯಲ್ಲಿ, ಅದೇ 24ರ ವಯಸ್ಸಿನ ಯುವತಿಯೊಬ್ಬಳು ಸೇರಿದ ವರ್ಷವೇ ಆತ್ಮಹತ್ಯೆ ಮಾಡಿಕೊಂಡಳು. ಅತಿ ದುಡಿಮೆಯೇ ಕಾರಣವೆಂದು 2016ರಲ್ಲಿ ಅಧಿಕಾರಿಗಳು ಒಪ್ಪಿದರು. ಅಕ್ರಮ ಓವರ್‌ಟೈಮ್‌ಗಾಗಿ 2017ರಲ್ಲಿ ಕಂಪೆನಿಗೆ ಶಿಕ್ಷೆಯೂ ಆಯಿತು. ದಂಡದ ಮೊತ್ತ 5 ಲಕ್ಷ ಯೆನ್! ನಾಡು ಕೆರಳಿತು. 2018ರಲ್ಲಿ ಕಾನೂನು ತಿದ್ದುಪಡಿಯಾಗಿ, 2019ರ ಏಪ್ರಿಲ್‌ನಿಂದ ಹೆಚ್ಚುವರಿ ದುಡಿಮೆಗೆ ಶಿಕ್ಷೆಯ ಬಲವುಳ್ಳ ಮಿತಿ ಬಂತು. ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ತೀರ ಅನಿವಾರ್ಯವಾದರೂ ವರ್ಷಕ್ಕೆ 720 ಗಂಟೆ ಮೀರುವಂತಿಲ್ಲ. 1947ರಲ್ಲಿ ತೆರೆದ ಕಿಂಡಿಗೆ 72 ವರ್ಷಗಳ ನಂತರ ಬಾಗಿಲು ಕೂಡಿತು.

ಗಂಟೆಗಳಿಗೆ ಬಾಗಿಲು ಬಿದ್ದರೂ ಮನಸ್ಸಿನ ನೋವು ನಿಂತಿಲ್ಲ. 2024ರ ಆರ್ಥಿಕ ವರ್ಷದಲ್ಲಿ ಜಪಾನಿನಲ್ಲಿ ಕೆಲಸದಿಂದ ಬಂದದ್ದೆಂದು ಒಪ್ಪಲಾದ ಮನೋರೋಗಗಳ ಸಂಖ್ಯೆ 1,055. ಸಾವಿರ ದಾಟಿದ್ದು ಅದೇ ಮೊದಲು. ಹಿಂದೆ ಬಾಯಿ ಮುಚ್ಚಿಕೊಂಡಿದ್ದವರು ಈಗ ಮುಂದೆ ಬರುತ್ತಿರುವುದೂ ಇದಕ್ಕೆ ಒಂದು ಕಾರಣವಿರಬಹುದು. ಆದರೆ ಕಾರಣಗಳ ಪಟ್ಟಿಯಲ್ಲಿ ಮೇಲಧಿಕಾರಿಗಳ ಕಿರುಕುಳ ಮೇಲೆ ನಿಂತಿದೆ. ಹೊರೆ ಎಂಬುದು ಗಂಟೆಗಳಲ್ಲಿ ಮಾತ್ರವಿಲ್ಲ, ಮಾತಿನಲ್ಲಿಯೂ ಇದೆ, ಮರ್ಯಾದೆಯಲ್ಲಿಯೂ ಇದೆ.

2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿಯೂ ಐ.ಟಿ. ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಚರ್ಚೆಗೆ ಬಂದು, ನೌಕರರ ಸಂಘಗಳು ಅದನ್ನು ಬಲವಾಗಿ ವಿರೋಧಿಸಿದವು. ಇಂತಹ ಚರ್ಚೆಗಳಲ್ಲಿ 'ಮನಸ್ಸಿದ್ದವರು ದುಡಿಯಲಿ ಬಿಡಿ, ಬೇಡವೆಂದವರಾರು' ಎಂಬ ಮಾತು ಕೇಳಿಬರುವುದುಂಟು. ಡೆಂಟ್ಸುವಿನ ಯುವಕನೂ ಮನಸ್ಸಿದ್ದೇ ದುಡಿದವನು. ತನ್ನ ಲೆಕ್ಕವನ್ನು ತಾನೇ ಕಡಿಮೆ ಬರೆದುಕೊಟ್ಟವನು.

ಈಚಿನ ವರ್ಷಗಳಲ್ಲಿ ಕಚೇರಿಗಳು ಧ್ಯಾನದ ತರಗತಿ, ಯೋಗ ಶಿಬಿರ, ಆಪ್ತಸಲಹೆಗಳನ್ನು ಏರ್ಪಡಿಸುತ್ತಿವೆ. ಅವು ಬೇಡವೆಂದಲ್ಲ. ಆದರೆ ಅವೆಲ್ಲ ನೌಕರನ ಮನಸ್ಸನ್ನು ಗಟ್ಟಿಮಾಡುವ ಉಪಾಯಗಳು. ಟೋಕಿಯೋದ ತೀರ್ಪು ಕೇಳಿದ ಪ್ರಶ್ನೆ ಬೇರೆ. ಮನಸ್ಸು ಎಷ್ಟು ಗಟ್ಟಿ ಎಂದು ಕೇಳುವ ಮೊದಲು ಹೊರೆ ಎಷ್ಟು ಭಾರ ಎಂದು ಕೇಳಿ, ಅದನ್ನು ಹೊರಿಸಿದವರು ಯಾರೆಂದು ಕೇಳಿ ಎಂದಿತು ಅದು. ಆ ಉತ್ತರ ನೌಕರ ತುಂಬಿಕೊಡುವ ತಖ್ತೆಯಲ್ಲಿ ಸಿಗಲಾರದು. ರಾತ್ರಿ ಎರಡು ಗಂಟೆಗೆ ಯಾವ ಕೋಣೆಯಲ್ಲಿ ದೀಪ ಉರಿಯುತ್ತಿತ್ತು ಎಂದು ಗಸ್ತಿನವನು ಬರೆದಿಟ್ಟ ಪುಸ್ತಕವನ್ನೂ ತೆರೆದು ನೋಡಬೇಕು.